ಗತಿರೋಧ ಮತ್ತು ಗತಿನಿಯಮನ: ಸೈಕಲ್ಲು ಸವಾರನ ದೃಷ್ಟಿಯಿಂದ ಬೀದಿಯ ಉಬ್ಬುಗಳ ವಿಚಾರ

ಪುಣೆಯಲ್ಲಿ ನೆಲಸಿರುವ ಕನ್ನಡಿಗರಿಗೆ ‘ಗತಿರೋಧಕ’ ಎಂಬ ಮಾತು ಚಿರಪರಿಚಿತವಾದುದು. ಬೀದಿಗೆ ಅಡ್ಡಲಾಗಿ ಡಾಂಬರಿನ ದಿಂಡೊಂದನ್ನು ಎಬ್ಬಿಸಿ, ಅದಕ್ಕೆ ತುಸು ಮುಂಚೆ ಈ ಹೆಸರಿನ ಹಲಗೆಯನ್ನು ನೆಡುವುದು ಇಲ್ಲಿನ ವಾಡಿಕೆ. ಇದೇ ವಸ್ತುವನ್ನು ನಮ್ಮ ನಾಡಿನಲ್ಲಿ ಜನ ‘ಹಂಪು’ ಎಂದೋ ‘ಉಬ್ಬು’ ಎಂದೋ ಕರೆಯುತ್ತಾರೆ. ಮರಾಠಿಯ ಹೆಸರು ಅದರ ಕೆಲಸವನ್ನು ಹೇಳುತ್ತದೆ, ಕನ್ನಡದ್ದು ಅದರ ಆಕಾರವನ್ನು. ಕೆಲಸವನ್ನು ಹೇಳುವ ಹೆಸರೇ ಅದನ್ನು ಕಟ್ಟುವವರನ್ನು ದಾರಿ ತಪ್ಪಿಸಿತೋ ಏನೋ ಎಂದು ನನಗೆ ಹಲವು ಸಲ ಅನ್ನಿಸಿದೆ. ಗತಿಯನ್ನು ರೋಧಿಸುವುದು ಬೇರೆ. ಗತಿಯನ್ನು ಒಂದು ಮಿತಿಯೊಳಗೆ ಇರಿಸುವುದು ಬೇರೆ. ಮೊದಲನೆಯದಕ್ಕೆ ಒಂದು ಗೋಡೆ ಸಾಕು. ಎರಡನೆಯದಕ್ಕೆ ಲೆಕ್ಕ ಬೇಕು. ಜರ್ಮನರು ಈ ಎರಡನೆಯ ವಿದ್ಯೆಗೆ ಇಟ್ಟಿರುವ ಹೆಸರಿನ ಅರ್ಥ ‘ಸಂಚಾರವನ್ನು ಶಾಂತಗೊಳಿಸುವುದು’ ಎಂದು. ಅದನ್ನು ಅನುಸರಿಸಿ ಈ ಲೇಖನದಲ್ಲಿ ‘ಸಂಚಾರಶಮನ’ ಎಂಬ ಪದವನ್ನು ಬಳಸಿದ್ದೇನೆ.

ಈ ವಿಷಯಕ್ಕೆ ನಾನು ಬಂದುದು ಪುಸ್ತಕದ ಮೂಲಕವಲ್ಲ. ನಮ್ಮ ಬಡಾವಣೆಯ ಒಳಬೀದಿಯಲ್ಲಿ ಮೋಟಾರು ವಾಹನಗಳ ವೇಗ ಮಿತಿಮೀರಿತೆಂದು ನಿವಾಸಿಗಳೆಲ್ಲ ಸೇರಿ ಒಂದು ಮನವಿಯನ್ನು ಸಲ್ಲಿಸಿದೆವು. ಅದರ ಕರಡನ್ನು ತಿದ್ದಿದವನೂ, ಮೊದಲು ರುಜು ಹಾಕಿದವರಲ್ಲಿ ಒಬ್ಬನೂ ನಾನೇ. ಕೆಲವು ವಾರಗಳ ತರುವಾಯ ಒಂದು ರಾತ್ರಿ ಉಬ್ಬು ಎದ್ದಿತು, ಬಣ್ಣವಿಲ್ಲ, ಹಲಗೆಯಿಲ್ಲ. ನಸುಕಿನಲ್ಲಿ ರಾತ್ರಿಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಮನೆಗೆ ಹೊರಟಿದ್ದ ನಮ್ಮ ಕಾವಲುಗಾರ ಅದಕ್ಕೆ ಬಡಿದು ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡ. ಆತ ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವನು. ನಾನು ನೋಡಲು ಹೋದಾಗ ಅವನು ಯಾರನ್ನೂ ದೂರಲಿಲ್ಲ. “ನಿನ್ನಿ ಇದ್ದಿದ್ದಿಲ್ರಿ ಸಾಹೇಬ್ರ ಅದು” ಎಂದಷ್ಟೇ ಹೇಳಿದ. ಆರು ವಾರ ಅವನಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ದಿನಕ್ಕೆ ಸಂಬಳವೂ ಇರಲಿಲ್ಲ. ಮೋಟಾರಿನವರ ವೇಗವನ್ನು ತಗ್ಗಿಸಲೆಂದು ನಾವು ಬೇಡಿ ಪಡೆದ ಸಾಧನವು, ಆ ಬೀದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುತ್ತಿದ್ದವನನ್ನು ಕೆಡವಿತು. ಹೀಗೇಕಾಯಿತು, ಹೀಗಾಗದಂತೆ ಕಟ್ಟುವುದು ಸಾಧ್ಯವೇ ಎಂಬ ಎರಡು ಪ್ರಶ್ನೆಗಳೇ ಈ ಲೇಖನಕ್ಕೆ ಕಾರಣ.

ವೇಗವನ್ನು ತಗ್ಗಿಸಬೇಕೆಂಬ ನಮ್ಮ ಬೇಡಿಕೆ ಮಾತ್ರ ತಪ್ಪಾದುದಲ್ಲವೆಂಬುದನ್ನು ಮೊದಲು ಹೇಳಬೇಕು. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಮಡಿದರೆಂದು ಕೇಂದ್ರ ಸರ್ಕಾರದ ವಾರ್ಷಿಕ ವರದಿ ಹೇಳುತ್ತದೆ. ಇವರಲ್ಲಿ ಸೈಕಲ್ಲು ಸವಾರರು ನಾಲ್ಕು ಸಾವಿರಕ್ಕೂ ಮಿಕ್ಕಿದ್ದಾರೆ. ವೇಗಕ್ಕೂ ಮರಣಕ್ಕೂ ಇರುವ ಸಂಬಂಧ ಸರಳವಾದ ಗಣಿತದ್ದು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದರಿಂದ, ಗಂಟೆಗೆ ೩೦ ಕಿಲೋಮೀಟರು ವೇಗದ ಕಾರಿನಲ್ಲಿರುವ ಶಕ್ತಿ ೫೦ ಕಿಲೋಮೀಟರು ವೇಗದ ಅದೇ ಕಾರಿನಲ್ಲಿರುವ ಶಕ್ತಿಯ ನೂರಕ್ಕೆ ೩೬ರಷ್ಟು ಮಾತ್ರ. ನಿಲ್ಲುವ ದೂರದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಅಡ್ಡ ಬಂದುದನ್ನು ಕಂಡು ಬ್ರೇಕು ಒತ್ತಲು ಚಾಲಕನಿಗೆ ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ೩೦ರ ವೇಗದವನು ಆ ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ತುಸು ಹೆಚ್ಚು ಸಾಗಿ, ಮತ್ತೆ ಐದು ಮೀಟರಿನಲ್ಲಿ, ಅಂದರೆ ಒಟ್ಟು ಸುಮಾರು ೧೩ ಮೀಟರಿನಲ್ಲಿ, ನಿಂತುಬಿಡುತ್ತಾನೆ. ೫೦ರ ವೇಗದವನು ಮೊದಲ ಸೆಕೆಂಡಿನಲ್ಲಿಯೇ ಸುಮಾರು ೧೪ ಮೀಟರು ಸಾಗಿರುತ್ತಾನೆ. ಒಬ್ಬನು ಪೂರ್ಣವಾಗಿ ನಿಂತ ಸ್ಥಳವನ್ನು ಇನ್ನೊಬ್ಬನು ಬ್ರೇಕು ಮುಟ್ಟುವುದಕ್ಕೆ ಮೊದಲೇ ದಾಟಿರುತ್ತಾನೆ. ಆ ಸ್ಥಳದಲ್ಲಿ ಸೈಕಲ್ಲು ಇದ್ದರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೮೩ರಲ್ಲಿ ಜರ್ಮನಿಯ ಬುಕ್ಸ್‌ಟೆಹೂಡ ಎಂಬ ಸಣ್ಣ ಪಟ್ಟಣದಲ್ಲಿ ಆರಂಭವಾದ ೩೦ರ ವೇಗಮಿತಿಯ ಪ್ರದೇಶ, ೧೯೯೨ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರವನ್ನು, ೨೦೨೧ರಲ್ಲಿ ಪ್ಯಾರಿಸ್ಸನ್ನು ವ್ಯಾಪಿಸಿದುದಕ್ಕೆ ಈ ಸಣ್ಣ ಲೆಕ್ಕವೇ ಬುನಾದಿ.

ಆದರೆ ಫಲಕವನ್ನು ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲವೆಂಬುದನ್ನು ಮೊದಲು ಮನಗಂಡವರು ಡಚ್ಚರು. ೧೯೬೦ರ ದಶಕದ ಕೊನೆಯಲ್ಲಿ ಡೆಲ್ಫ್ಟ್ ನಗರದ ಕೆಲವು ಬೀದಿಗಳ ನಿವಾಸಿಗಳು ಬೀದಿಯ ನೆಲಹಾಸನ್ನೇ ಬದಲಿಸಿ, ಮರದ ಪಾತಿ ಬೆಂಚುಗಳನ್ನು ಹಾಕಿ, ಕಾರು ನೇರವಾಗಿ ನುಗ್ಗದಂತೆ ಮಾಡಿದರು. ನಗರಸಭೆಯಲ್ಲಿದ್ದ ಯೋಸ್ಟ್ ವಾಲ್ ಎಂಬವರು ಇದಕ್ಕೊಂದು ಕ್ರಮವನ್ನು ಒದಗಿಸಿದರು. ಇಂಥ ಬೀದಿಗೆ ಬಂದ ಹೆಸರು ‘ವೂನೆರ್ಫ್’. ಅಕ್ಷರಶಃ ‘ವಾಸದ ಅಂಗಳ’. ಮನೆಯ ಮುಂದಿನ ಬೀದಿಯನ್ನು ಅಂಗಳದ ವಿಸ್ತರಣೆಯೆಂದು ತಿಳಿದ ನಮ್ಮ ಹಳ್ಳಿಯವರಿಗೆ ಈ ಕಲ್ಪನೆ ಹೊಸದಲ್ಲ. ೧೯೭೧ರಲ್ಲಿ ಆ ಚಿಕ್ಕ ದೇಶದಲ್ಲಿ ಸುಮಾರು ೩,೩೦೦ ಜನ ರಸ್ತೆಯಲ್ಲಿ ಸತ್ತರು; ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ನಿಷ್ಠುರವಾದ ಹೆಸರಿನ ಚಳವಳಿ ಹುಟ್ಟಿತು. ೧೯೭೩ರ ತೈಲದ ಮುಗ್ಗಟ್ಟಿನಲ್ಲಿ ಭಾನುವಾರಗಳಂದು ಕಾರುಗಳೇ ನಿಂತುಹೋದವು. ೧೯೭೬ರಲ್ಲಿ ವೂನೆರ್ಫಿಗೆ ಕಾನೂನಿನ ಮನ್ನಣೆ ದೊರೆಯಿತು. ಇಂದು ಹಾಲೆಂಡಿನ ಸೈಕಲ್ಲುಗಳನ್ನು ಕೊಂಡಾಡುವವರು ಅದು ಆ ಜನರ ಹುಟ್ಟುಗುಣವೆಂಬಂತೆ ಮಾತನಾಡುವುದುಂಟು. ಅದು ಹುಟ್ಟುಗುಣವಲ್ಲ, ಹಟದಿಂದ ಪಡೆದುದು.

ಇನ್ನು ಉಬ್ಬಿನ ವಿಷಯ. ಇದರ ಪೂರ್ವಜರಲ್ಲಿ ಒಬ್ಬರು ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಆರ್ಥರ್ ಕಾಂಪ್ಟನ್ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ೧೯೫೩ರಲ್ಲಿ ಅವರು ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಆವರಣಕ್ಕಾಗಿ ಇಂಥ ಉಬ್ಬುಗಳನ್ನು ರಚಿಸಿದರು. ಆದರೆ ಶಾಸ್ತ್ರೀಯವಾಗಿ ಅಳೆದು ನೋಡಿದುದು ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾಲಯ. ಅಲ್ಲಿನ ವಾಟ್ಸ್ ಎಂಬವರು ನಾನಾ ಅಳತೆಯ ಉಬ್ಬುಗಳ ಮೇಲೆ ನಾನಾ ವಾಹನಗಳನ್ನು ಓಡಿಸಿ, ೧೯೭೩ರಲ್ಲಿ ತಮ್ಮ ವರದಿಯನ್ನು ಕೊಟ್ಟರು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಉಬ್ಬು, ವಾಹನ ಸಾಗುವ ದಿಕ್ಕಿನಲ್ಲಿ ೧೨ ಅಡಿ, ಎಂದರೆ ೩.೭ ಮೀಟರು ಉದ್ದವಾಗಿದ್ದು, ನಡುವೆ ೧೦ ಸೆಂಟಿಮೀಟರು ಎತ್ತರವುಳ್ಳದ್ದು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ೧೯೮೮ರಲ್ಲಿ ಪ್ರಕಟಿಸಿದ ೯೯ನೆಯ ಸೂಚಿಯಲ್ಲಿ ಇದನ್ನೇ ಅಂಗೀಕರಿಸಿ, ೧೭ ಮೀಟರು ತ್ರಿಜ್ಯದ ವೃತ್ತಖಂಡ, ೩.೭ ಮೀಟರು ಅಗಲ, ೦.೧೦ ಮೀಟರು ಎತ್ತರ, ದಾಟುವ ವೇಗ ಗಂಟೆಗೆ ೨೫ ಕಿಲೋಮೀಟರು ಎಂದು ವಿಧಿಸಿತು. ಈ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ವೃತ್ತಿಯ ಅಭ್ಯಾಸದಿಂದ ನಾನು ತಾಳೆ ನೋಡಿದೆ: ಅರ್ಧ ಅಗಲವಾದ ೧.೮೫ನ್ನು ವರ್ಗಮಾಡಿ ತ್ರಿಜ್ಯದ ಇಮ್ಮಡಿಯಾದ ೩೪ರಿಂದ ಭಾಗಿಸಿದರೆ ೦.೧೦ ಬರುತ್ತದೆ. ಸರಿಯಾಗಿದೆ. ಉಬ್ಬಿಗೂ ಉಬ್ಬಿಗೂ ನಡುವೆ ೧೦೦ರಿಂದ ೧೨೦ ಮೀಟರು ಅಂತರವಿರಬೇಕು, ಮುಂಚಿತವಾಗಿ ಹಲಗೆಯಿರಬೇಕು, ಮೇಲೆ ಬಣ್ಣದ ಪಟ್ಟೆಗಳಿರಬೇಕು ಎಂಬ ನಿಯಮಗಳೂ ಅದರಲ್ಲಿವೆ. ೨೦೧೮ರಲ್ಲಿ ಈ ಸೂಚಿಯನ್ನು ವಿಸ್ತರಿಸಿ ಸಂಚಾರಶಮನದ ಇತರ ಸಾಧನಗಳನ್ನೂ ಸೇರಿಸಲಾಯಿತು.

ಹೀಗಿರುವಲ್ಲಿ ನಮ್ಮ ಬೀದಿಯಲ್ಲಿ ಎದ್ದುದೇನು? ನಾನು ಟೇಪು ಹಿಡಿದು ಅಳೆದೆ. ಎತ್ತರ ೧೦ ಸೆಂಟಿಮೀಟರು, ಪುಸ್ತಕದಲ್ಲಿರುವಂತೆಯೇ. ಅಗಲ ಮಾತ್ರ ೪೦ ಸೆಂಟಿಮೀಟರು. ೩.೭ ಮೀಟರಿನಲ್ಲಿ ಹರಡಬೇಕಾದ ಏರು ಅದರ ಒಂಬತ್ತನೆಯ ಒಂದು ಪಾಲಿನಲ್ಲಿ ಮುಗಿದಿತ್ತು. ಗಂಟೆಗೆ ೧೫ ಕಿಲೋಮೀಟರು ವೇಗದ ಸೈಕಲ್ಲಿಗೆ ವಿಧಿವತ್ತಾದ ಉಬ್ಬಿನ ಶಿಖರವನ್ನು ಏರಲು ಅರ್ಧ ಸೆಕೆಂಡಿನಷ್ಟು ಕಾಲ ದೊರೆಯುತ್ತದೆ. ನಮ್ಮ ಉಬ್ಬಿನ ಮೇಲೆ ದೊರೆಯುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಅದು ಏರುವುದಲ್ಲ, ಢಿಕ್ಕಿ ಹೊಡೆಯುವುದು. ಸೈಕಲ್ಲಿಗೆ ಸ್ಪ್ರಿಂಗಿಲ್ಲ, ಗಾಲಿಯ ಏಟು ಹಿಡಿಯ ಮೂಲಕ ನೇರವಾಗಿ ಕೈಗೆ ಬರುತ್ತದೆ. ಹಾಲಿನ ಕ್ಯಾನನ್ನೋ ಅನಿಲದ ಸಿಲಿಂಡರನ್ನೋ ಹೊತ್ತ ಸೈಕಲ್ಲಾದರಂತೂ ಸಮತೋಲ ಕೆಡಲು ಅಷ್ಟು ಸಾಕು.

ಇಲ್ಲಿಯೇ ಒಂದು ವಿಪರ್ಯಾಸವಿದೆ. ಕಿರಿದಾದ ಉಬ್ಬನ್ನು ಕಾರು ಹೆಚ್ಚು ವೇಗದಲ್ಲಿ ದಾಟಿದಷ್ಟೂ ಒಳಗಿದ್ದವರಿಗೆ ಕುಲುಕು ಹೆಚ್ಚಬೇಕೆಂದು ನಾವು ಎಣಿಸುತ್ತೇವೆ. ನಿಜಸ್ಥಿತಿ ಬೇರೆ. ಏಟು ಬಹು ಕ್ಷಿಪ್ರವಾಗಿ ಬಂದರೆ ಗಾಲಿ ಮಾತ್ರ ಹಾರಿ ಇಳಿಯುತ್ತದೆ. ಸ್ಪ್ರಿಂಗುಗಳು ಅದನ್ನು ನುಂಗಿಬಿಡುವುದರಿಂದ ಮೇಲಿನ ದೇಹಕ್ಕೆ ಅದು ತಲಪುವುದೇ ಇಲ್ಲ. ವಾಟ್ಸ್ ಅವರು ಉದ್ದವಾದ ಉಬ್ಬನ್ನು ಆರಿಸಿಕೊಂಡುದಕ್ಕೆ ಇದೇ ಕಾರಣ. ಎಂದಮೇಲೆ ನಮ್ಮ ನಗರಗಳ ಸಾಮಾನ್ಯ ‘ಗತಿರೋಧಕ’ವು ನಿಧಾನವಾಗಿ ಹೋಗುವವನನ್ನು ದಂಡಿಸಿ, ಧೈರ್ಯ ಮಾಡಿ ನುಗ್ಗುವವನನ್ನು ಕ್ಷಮಿಸುವ ಸಾಧನ. ಬೋಲ್ಟುಗಳಿಂದ ಜಡಿದ ರಬ್ಬರು ಪಟ್ಟಿಗಳು ಇನ್ನೂ ಕೆಟ್ಟವು. ಆರು ತಿಂಗಳಲ್ಲಿ ರಬ್ಬರು ಕಿತ್ತುಹೋಗಿ ಬೋಲ್ಟುಗಳು ಮಾತ್ರ ಉಳಿಯುತ್ತವೆ.

ವಿಧಿವತ್ತಾದ ವೃತ್ತಖಂಡದಲ್ಲಿಯೂ ಸೈಕಲ್ಲಿಗೆ ಒಂದು ತೊಡಕುಂಟು. ಸಪಾಟಾದ ರಸ್ತೆ ಮುಗಿದು ಉಬ್ಬು ಆರಂಭವಾಗುವ ಗೆರೆಯಲ್ಲಿಯೇ ಏರು ಒಮ್ಮೆಲೆ ಒಂಬತ್ತಕ್ಕೆ ಒಂದರ ಪ್ರಮಾಣದಲ್ಲಿ ಎದುರಾಗುತ್ತದೆ. ಇದಕ್ಕೆ ಪರಿಹಾರವಾಗಿ ಡಚ್ಚರೂ ಆಮೇಲೆ ಬ್ರಿಟಿಷರೂ ಅಲೆಯ ಆಕಾರದ ಉಬ್ಬನ್ನು, ಅಂದರೆ ತ್ರಿಕೋಣಮಿತಿಯ ಸೈನ್ ರೇಖೆಯನ್ನು ಅನುಸರಿಸುವ ಉಬ್ಬನ್ನು, ಬಳಕೆಗೆ ತಂದರು. ಇದರಲ್ಲಿ ಏರು ಶೂನ್ಯದಿಂದ ಆರಂಭವಾಗಿ, ಕ್ರಮೇಣ ಹೆಚ್ಚಿ, ನಡುದಾರಿಯಲ್ಲಿ ಹನ್ನೆರಡಕ್ಕೆ ಒಂದರಷ್ಟಾಗಿ, ಶಿಖರದಲ್ಲಿ ಮತ್ತೆ ಶೂನ್ಯವಾಗುತ್ತದೆ. ಎತ್ತರ, ಉದ್ದ ಎರಡೂ ಮೊದಲಿನಷ್ಟೇ. ಇಂಥ ಉಬ್ಬಿನ ಮೇಲೆ ಸವಾರನಿಗೆ ಆಗುವ ಲಂಬ ವೇಗೋತ್ಕರ್ಷವನ್ನು, ಸ್ಪ್ರಿಂಗುಗಳನ್ನು ಗಣನೆಗೆ ತರದೆ, ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ೧೫ ಕಿಲೋಮೀಟರಿನ ಸೈಕಲ್ಲಿಗೆ ಅದು ಭೂಮ್ಯಾಕರ್ಷಣದ ಕಾಲು ಭಾಗ, ತೊಟ್ಟಿಲನ್ನು ತೂಗಿದಂತೆ. ೩೦ರಲ್ಲಿ ಭೂಮ್ಯಾಕರ್ಷಣಕ್ಕೆ ಸಮ; ಅಂದರೆ ಸವಾರನು ಆಸನದಿಂದ ಏಳುವ ಸ್ಥಿತಿ. ೫೦ರಲ್ಲಿ ಅದರ ಸುಮಾರು ಮೂರು ಪಟ್ಟು. ಒಂದೇ ಡಾಂಬರಿನ ದಿಂಡು ನಿಧಾನಿಗೆ ಅಲೆಯಾಗಿ, ವೇಗಿಗೆ ಗೋಡೆಯಾಗಿ ಪರಿಣಮಿಸುತ್ತದೆ. ಯಂತ್ರವಿಲ್ಲದೆ, ಪೋಲೀಸರಿಲ್ಲದೆ, ಕೇವಲ ಆಕಾರದಿಂದ ವೇಗವನ್ನು ಗುರುತಿಸುವ ಈ ಗುಣವನ್ನೇ ನಾನು ಗತಿನಿಯಮನವೆಂದು ಕರೆದದ್ದು.

ಸೈಕಲ್ಲು ಸವಾರನ ಶ್ರಮದ ಲೆಕ್ಕವೂ ಇದರೊಳಗೆ ಬರುತ್ತದೆ. ಸವಾರ, ಸೈಕಲ್ಲು ಸೇರಿ ೯೦ ಕಿಲೋಗ್ರಾಂ ತೂಕವೆಂದು ಇಟ್ಟುಕೊಂಡರೆ, ಒಮ್ಮೆ ನಿಂತು ಮತ್ತೆ ೧೫ರ ವೇಗಕ್ಕೆ ಬರಲು ವ್ಯಯವಾಗುವ ಶಕ್ತಿಯಿಂದ ಅವನು ಸಮನೆಲದಲ್ಲಿ ಐವತ್ತು ಅರವತ್ತು ಮೀಟರು ಸಾಗಬಹುದಾಗಿತ್ತು. ಮೋಟಾರಿನವನು ಇದನ್ನು ಪೆಟ್ರೋಲಿನಿಂದ ತೆರುತ್ತಾನೆ, ಇವನು ಮೊಣಕಾಲಿನಿಂದ. ಬೆಳಗ್ಗೆ ಹತ್ತು ಉಬ್ಬು, ಸಂಜೆ ಹತ್ತು ಉಬ್ಬು ಎಂದರೆ ದಿನಕ್ಕೆ ಒಂದು ಕಿಲೋಮೀಟರಿನ ಹೆಚ್ಚುವರಿ ದುಡಿಮೆಯನ್ನು ಅವನ ಮೇಲೆ ಹೇರಿದಂತಾಯಿತು. ೨೦೧೧ರ ಜನಗಣತಿಯಂತೆ ದೇಶದ ನೂರಕ್ಕೆ ೪೪.೮ ಮನೆಗಳಲ್ಲಿ ಸೈಕಲ್ಲುಗಳಿದ್ದುವು. ಆದಕಾರಣ ಇದು ಯಾರೋ ಕೆಲವು ಹವ್ಯಾಸಿಗಳ ಅನುಕೂಲದ ಮಾತಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಸೈಕಲ್ಲಿಗೆ ರಿಯಾಯಿತಿ ತೋರಿಸುವ ಇನ್ನೊಂದು ಮಾರ್ಗವಿದೆ. ಅದು ನಮ್ಮಲ್ಲಿ ಕೈಕೊಟ್ಟಿರುವುದರಿಂದ ತುಸು ವಿಸ್ತಾರವಾಗಿ ನೋಡಬೇಕು. ಅಲ್ಲಿ ಉಬ್ಬನ್ನು ರಸ್ತೆಯ ಪೂರ್ಣ ಅಗಲಕ್ಕೆ ಹಾಕದೆ, ಸುಮಾರು ೧.೬ರಿಂದ ೧.೯ ಮೀಟರು ಅಗಲದ ದಿಂಬಿನಾಕಾರದ ದಿಬ್ಬಗಳನ್ನು ಮಾತ್ರ ಹಾಕುತ್ತಾರೆ. ಕಾರಿನ ಗಾಲಿ ಅದನ್ನು ಏರಲೇಬೇಕು. ಬಸ್ಸು ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ದಾಟುತ್ತದೆ. ಸೈಕಲ್ಲು ಪಕ್ಕದ ಸಂದಿಯಲ್ಲಿ ನುಸುಳುತ್ತದೆ. ಹಾಗೆಯೇ ಬೀದಿಯ ಬಾಯಿಗೆ ಕಂಬಗಳನ್ನು ನೆಟ್ಟು, ನಡುವೆ ಒಂದೂವರೆ ಮೀಟರು ಬಿಟ್ಟರೆ ಕಾರು ನಿಲ್ಲುತ್ತದೆ, ಸೈಕಲ್ಲು ಹೋಗುತ್ತದೆ. ಇವೆಲ್ಲವೂ ವಾಹನದ ಅಗಲವನ್ನು ನೋಡಿ ಭೇದ ಮಾಡುವ ಸಾಧನಗಳು. ಲಂಡನ್ನಿನಲ್ಲಿಯೋ ಡೆಲ್ಫ್ಟಿನಲ್ಲಿಯೋ ಅಗಲವಾದುದು ವೇಗವಾದುದು, ಕಿರಿದಾದುದು ನಿಧಾನವಾದುದು ಎಂಬ ಸಮೀಕರಣ ಬಹುಮಟ್ಟಿಗೆ ಸತ್ಯ. ಪುಣೆಯಲ್ಲಿ, ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಅದು ಸುಳ್ಳು. ಇಲ್ಲಿ ಸೈಕಲ್ಲು ನುಸುಳುವ ಸಂದಿಯಲ್ಲಿ ಮೋಟಾರ್ ಸೈಕಲ್ಲೂ ನುಸುಳುತ್ತದೆ. ಅದೂ ವೇಗವನ್ನು ಕುಗ್ಗಿಸದೆ, ಸೈಕಲ್ಲಿಗಾಗಿ ಬಿಟ್ಟ ಜಾಗದಲ್ಲಿಯೇ.

ದೆಹಲಿಯ ಅನುಭವ ಇದಕ್ಕೆ ಸಾಕ್ಷಿ. ೨೦೦೮ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದಿನವರೆಗೆ ೫.೮ ಕಿಲೋಮೀಟರು ಉದ್ದದ ಬಸ್ಸಿನ ವಿಶೇಷ ಮಾರ್ಗವನ್ನು ತೆರೆದಾಗ, ಪಕ್ಕದಲ್ಲಿ ಸೈಕಲ್ಲುಗಳಿಗೆ ಪ್ರತ್ಯೇಕವಾದ ಪಥವನ್ನೂ ಕಟ್ಟಿದ್ದರು. ಸಿಗ್ನಲಿನಲ್ಲಿ ಕಾಯಲೊಲ್ಲದ ಮೋಟಾರ್ ಸೈಕಲ್ಲಿನವರು ಅದನ್ನೇ ಹಿಡಿದು ಹೋಗತೊಡಗಿದರು. ಆ ಬಸ್ಸಿನ ಮಾರ್ಗವನ್ನೇ ೨೦೧೬ರಲ್ಲಿ ಕಿತ್ತುಹಾಕಿದ್ದಾಯಿತು. ಅದರ ಕಾರಣಗಳು ಬೇರೆ, ಇಲ್ಲಿ ಅವುಗಳ ಚರ್ಚೆ ಬೇಡ. ನಮಗೆ ಬೇಕಾದ ಪಾಠವಿಷ್ಟೆ: ಅಗಲವನ್ನು ನೋಡುವ ಸಾಧನವು ಈ ದೇಶದಲ್ಲಿ ಸೈಕಲ್ಲನ್ನೂ ಮೋಟಾರ್ ಸೈಕಲ್ಲನ್ನೂ ಬೇರ್ಪಡಿಸಲಾರದು. ಅವೆರಡಕ್ಕೂ ಇರುವ ಭೇದ ವೇಗದ್ದು. ಆದ್ದರಿಂದ ವೇಗವನ್ನು ನೋಡುವ ಸಾಧನವನ್ನೇ, ಅದೂ ಅಂಚಿನಿಂದ ಅಂಚಿನವರೆಗೆ ಸಂದಿಯಿಲ್ಲದೆ, ನಾವು ಹಿಡಿಯಬೇಕು. ನಮ್ಮಲ್ಲಿ ಉಬ್ಬಿನ ಎರಡು ತುದಿಗಳಲ್ಲಿ ಮಳೆಯ ನೀರು ಹರಿಯಲೆಂದು ಅರ್ಧ ಮೀಟರು ಬಿಡುವ ರೂಢಿಯಿದೆ. ಮೋಟಾರ್ ಸೈಕಲ್ಲಿನವನು ಆ ಸಂದಿಗೆ ಹಟಾತ್ತನೆ ತಿರುಗುತ್ತಾನೆ. ಆ ಅಂಚಿನಲ್ಲಿಯೇ ಸೈಕಲ್ಲಿನವನು ಹೋಗುತ್ತಿರುತ್ತಾನೆ. ನೀರಿಗೆ ಉಬ್ಬಿನಡಿ ಒಂದು ಕೊಳವೆ, ಇಲ್ಲವೆ ಉಬ್ಬಿಗಿಂತ ಮೊದಲೇ ಒಂದು ಮೋರಿಬಾಯಿ ಸಾಕು.

ರಸ್ತೆಯನ್ನು ಕಿರಿದುಗೊಳಿಸುವ ಉಪಾಯದಲ್ಲಿಯೂ ಎಚ್ಚರಿಕೆ ಬೇಕು. ನಡುವೆ ದ್ವೀಪವೊಂದನ್ನು ಕಟ್ಟಿ ದಾರಿಯನ್ನು ೩.೫ ಮೀಟರಿಗೆ ಇಳಿಸಿದರೆ, ಕಾರಿನವನಿಗೆ ಸೈಕಲ್ಲನ್ನು ಪಕ್ಕಕ್ಕೆ ಒತ್ತಿ ಹೋಗಬಹುದೆಂಬ ಭ್ರಮೆ ಹುಟ್ಟುತ್ತದೆ. ಕಾರು ೧.೮, ಅಲುಗಾಡುತ್ತ ಸಾಗುವ ಸೈಕಲ್ಲಿಗೆ ೧, ನಡುವೆ ಕನಿಷ್ಠ ೧ ಎಂದು ಕೂಡಿಸಿದರೆ ೩.೮ ಆಗುತ್ತದೆ, ಜಾಗವಿಲ್ಲ. ಬ್ರಿಟನ್ನಿನ ೨೦೨೦ರ ಸೈಕಲ್ಲು ಮಾರ್ಗಸೂಚಿಯು ೩.೨ರಿಂದ ೩.೯ ಮೀಟರಿನ ನಡುವಣ ಅಗಲವನ್ನು ಬಿಡಬೇಕೆಂದು ಹೇಳುವುದು ಇದಕ್ಕೇ. ಒಂದೋ ಕಾರು ಸೈಕಲ್ಲಿನ ಹಿಂದೆಯೇ ಹೋಗಬೇಕೆಂಬಷ್ಟು ಕಿರಿದಾಗಿರಬೇಕು, ಇಲ್ಲವೆ ನಿಜವಾಗಿಯೂ ಅಗಲವಾಗಿರಬೇಕು. ಅಡ್ಡಬೀದಿಗಳು ಕೂಡುವ ಕಡೆ ಕಾಲುದಾರಿಯ ಮಟ್ಟಕ್ಕೆ ರಸ್ತೆಯನ್ನೇ ಎತ್ತಿ ಜಗಲಿಯಂತೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದೂ ವೇಗವನ್ನೇ ನೋಡುವ ಸಾಧನ, ನಡೆಯುವವರಿಗೂ ಅನುಕೂಲ. ರಸ್ತೆಗೆ ಅಡ್ಡವಾಗಿ ಬಳಿಯುವ ದಪ್ಪ ಬಣ್ಣದ ಗೆರೆಗಳು ಕಿರಿದಾದ ಉಬ್ಬಿನ ಜಾತಿಗೇ ಸೇರಿದವು. ಒಳಬೀದಿಗಳಲ್ಲಿ ಅವು ಬೇಡ.

ಎಲ್ಲ ರಸ್ತೆಗಳಿಗೂ ಶಮನವೇ ಮದ್ದೆಂದು ನಾನು ಹೇಳುತ್ತಿಲ್ಲ. ವಾಹನಗಳು ದಟ್ಟವಾಗಿ ೫೦ರ ವೇಗದಲ್ಲಿ ಹರಿಯಲೇಬೇಕಾದ ಹೆದ್ದಾರಿಯಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥವೇ ಗತಿ. ರೋಡ್ಸ್ ಕಾಂಗ್ರೆಸ್ಸು ೧೯೬೨ರಲ್ಲಿಯೇ ಇದಕ್ಕೊಂದು ಸೂಚಿಯನ್ನು ಹೊರಡಿಸಿ, ದಟ್ಟಣೆಯ ಗಂಟೆಯಲ್ಲಿ ೪೦೦ ಸೈಕಲ್ಲುಗಳಿದ್ದು, ಮೋಟಾರು ವಾಹನಗಳು ೧೦೦ರಿಂದ ೨೦೦ರಷ್ಟಿದ್ದರೆ ಪ್ರತ್ಯೇಕ ಪಥ ಬೇಕೆಂದಿತ್ತು. ಆ ಕಾಲಕ್ಕೆ ಅದು ಉಚಿತವಾಗಿದ್ದಿರಬಹುದು. ಆದರೆ ಭಯದಿಂದ ಸೈಕಲ್ಲನ್ನು ಬಿಟ್ಟವರು ಆ ನಾನೂರರ ಎಣಿಕೆಗೆ ಸಿಕ್ಕುವುದಿಲ್ಲ. ಠೇವಣಿ ಬರುತ್ತಿಲ್ಲವೆಂದು ಶಾಖೆಯನ್ನೇ ತೆರೆಯದೆ, ಶಾಖೆಯಿಲ್ಲದ ಊರಿನಲ್ಲಿ ಠೇವಣಿಯಿಲ್ಲವೆಂದು ವರದಿ ಬರೆಯುವ ಪದ್ಧತಿಯನ್ನು ನಾನು ಬಲ್ಲೆ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆನಿಸಿದ್ದ ಪುಣೆ ೨೦೧೭ರಲ್ಲಿ ಸಮಗ್ರವಾದ ಸೈಕಲ್ಲು ಯೋಜನೆಯೊಂದನ್ನು ಅಂಗೀಕರಿಸಿತು. ಕಾಗದದ ಮೇಲೆ ಅದು ಚೆನ್ನಾಗಿಯೇ ಇದೆ.

ಕಾನೂನಿನ ಆಸರೆಯೂ ಇಲ್ಲದಿಲ್ಲ. ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ೧೯೮-ಎ ವಿಧಿಯಂತೆ, ನಿಗದಿಯಾದ ಪ್ರಮಾಣಗಳನ್ನು ಮೀರಿ ರಸ್ತೆ ಕಟ್ಟಿದ ಕಾರಣ ಮರಣವಾಗಲಿ ಅಂಗವೈಕಲ್ಯವಾಗಲಿ ಒದಗಿದರೆ, ಕಟ್ಟಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮುರಿದ ಮಣಿಕಟ್ಟು ಕೂಡಿಕೊಂಡರೆ ಅದು ಈ ವಿಧಿಯೊಳಗೆ ಬರುವುದೋ ಇಲ್ಲವೋ ವಕೀಲರು ಹೇಳಬೇಕು. ನಮ್ಮ ಕಾವಲುಗಾರ ಆ ದಾರಿ ಹಿಡಿಯಲು ಒಪ್ಪಲಿಲ್ಲ.

ನಾವು ಎರಡನೆಯ ಮನವಿಯನ್ನು ಬರೆದೆವು. ಈ ಸಲ ‘ಉಬ್ಬು ಬೇಕು’ ಎಂದಷ್ಟೇ ಬರೆಯದೆ, ಅಳತೆಯನ್ನೂ ಬರೆದೆವು. ಇತರ ಬಡಾವಣೆಗಳ ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತೇನೆ. ಒಟ್ಟು ಉದ್ದ ೩.೭ ಮೀಟರು. ಅಂಚಿನಿಂದ ಸುಮಾರು ೪೬ ಸೆಂಟಿಮೀಟರಿಗೊಂದರಂತೆ ಎತ್ತರವು ೧.೫, ೫, ೮.೫, ೧೦ ಸೆಂಟಿಮೀಟರು. ಅಲ್ಲಿಂದ ಅದೇ ಕ್ರಮದಲ್ಲಿ ಇಳಿತ. ವೃತ್ತಖಂಡವಾದರೆ ಮೊದಲ ಬಿಂದುವಿನಲ್ಲಿಯೇ ೪.೪ ಬರುತ್ತಿತ್ತು, ಸೈಕಲ್ಲಿಗೆ ಏಟು ಬೀಳುವುದು ಈ ಮೂರು ಸೆಂಟಿಮೀಟರಿನ ಅಂತರದಲ್ಲಿ. ಪ್ಲೈವುಡ್ಡಿನಲ್ಲಿ ಇದರ ಅಚ್ಚನ್ನು ಕೊಯ್ಸಿ ಕೊಟ್ಟೆವು. ಮೇಸ್ತ್ರಿ ಮೊದಲು ನಕ್ಕ. ಆಮೇಲೆ ಎರಡು ತುದಿಗೂ ಅಚ್ಚನ್ನು ನಿಲ್ಲಿಸಿ, ದಾರ ಎಳೆದು, ಹಳೆಯ ದಿಂಡನ್ನು ಒಡೆದು, ಒಂದು ಮಧ್ಯಾಹ್ನದಲ್ಲಿ ಕೆಲಸವನ್ನು ಮುಗಿಸಿದ. ಬಣ್ಣವೂ ಬಿತ್ತು. ಮೋರಿಯ ಕಡೆಗೆ ಅರ್ಧ ಮೀಟರನ್ನು ಮಾತ್ರ ಅವನು ರೂಢಿಯಂತೆ ಬಿಟ್ಟುಬಿಟ್ಟ. ಈಗ ಕಾವಲುಗಾರ ಉಬ್ಬಿನ ನಡುಭಾಗದಲ್ಲಿ ಪೆಡಲು ನಿಲ್ಲಿಸದೆ ದಾಟುತ್ತಾನೆ. ಮೋಟಾರ್ ಸೈಕಲ್ಲಿನವರು ಮೋರಿಯ ಅಂಚಿನ ಸಂದಿಯಲ್ಲಿ ನುಗ್ಗುತ್ತಾರೆ. ಅಲ್ಲಿಗೆ ಕೊಳವೆ ಹಾಕಿ ಮುಚ್ಚಬೇಕೆಂದು ಮೂರನೆಯ ಪತ್ರವನ್ನು ಬರೆದಿದ್ದೇವೆ.